ಬಾಹ್ಯಾಕಾಶಕ್ಕೆ ಹೋಗುವ ಡಬ್ಬಿಯ ಹಿಂದಿನ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದವಳು. ಬಾಹ್ಯಾಕಾಶಕ್ಕೆ ಹೋಗುವ ಜೀವವಿಜ್ಞಾನದ ಪ್ರಯೋಗಗಳನ್ನು ಸಿದ್ಧಪಡಿಸುವ ತಂಡವೊಂದರಲ್ಲಿ, ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಊರಿನ ಮದುವೆ ಮನೆಯಲ್ಲಿ, ಶಾಲೆಯ ವಾರ್ಷಿಕೋತ್ಸವದಲ್ಲಿ, ರೈಲಿನಲ್ಲಿ ಎದುರು ಕೂತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅರ್ಧ ಉತ್ತರ ಹೇಳುವಷ್ಟರಲ್ಲಿ ಊಟಕ್ಕೆ ಕರೆ ಬರುತ್ತದೆ, ಇಲ್ಲವೇ ಚನ್ನರಾಯಪಟ್ಟಣ ಬಂದುಬಿಡುತ್ತದೆ. ಪೂರ್ತಿ ಉತ್ತರಗಳು ಇಲ್ಲಿವೆ.

ನೀವು ಯಾವಾಗ ಬಾಹ್ಯಾಕಾಶಕ್ಕೆ ಹೋಗುವುದು?

ಹೋಗುವುದಿಲ್ಲ. ಡಬ್ಬಿ ಹೋಗುತ್ತದೆ. ಅದರೊಳಗೆ ಬೀಜವೋ ಪಾಚಿಯೋ ಜೀವಕೋಶಗಳೋ ಇರುತ್ತವೆ. ಅದನ್ನು ತೆರೆಯುವ ಕೈ ನಮ್ಮದಲ್ಲ, ತೆರೆಯುವ ಹೊತ್ತಿಗೆ ನಾವು ಅಲ್ಲಿರುವುದಿಲ್ಲ, ಏನಾದರೂ ಕೆಟ್ಟರೆ ಓಡಿಹೋಗಿ ಸರಿಪಡಿಸುವಂತೆಯೂ ಇಲ್ಲ. ನಮ್ಮ ವೃತ್ತಿಯ ಕಷ್ಟವೆಲ್ಲ ಈ ಮೂರರಲ್ಲೇ ಇದೆ.

ಇದೆಲ್ಲ ನಮ್ಮ ಹಾಸನದ ಎಂಸಿಎಫ್‌ನಲ್ಲೇ ನಡೆಯುತ್ತದೆಯಲ್ಲವೇ?

ಸಾಲಗಾಮೆ ರಸ್ತೆಯಲ್ಲಿ ಆ ದೊಡ್ಡ ಆಂಟೆನಾಗಳನ್ನು ನೋಡುತ್ತ ಬೆಳೆದವರೆಲ್ಲ ಹೀಗೇ ಅಂದುಕೊಳ್ಳುತ್ತಾರೆ. ಎಂಸಿಎಫ್ ಎಂದರೆ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಅದು 1982ರಿಂದ ಮಾಡುತ್ತಿರುವ ಕೆಲಸ ಬೇರೆ. ಇನ್ಸಾಟ್, ಜಿಸ್ಯಾಟ್‌ನಂತಹ ಭೂಸ್ಥಿರ ಉಪಗ್ರಹಗಳನ್ನು ಅವುಗಳ ಜಾಗಕ್ಕೆ ತಂದು ನಿಲ್ಲಿಸುವುದು, ವರ್ಷಗಟ್ಟಲೆ ಅಲ್ಲೇ ಇರುವಂತೆ ನೋಡಿಕೊಳ್ಳುವುದು ಅದರ ಹೊಣೆ. ಆ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ನಮ್ಮ ಡಬ್ಬಿಗಳು ಹೋಗುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ರಸ್ತೆ ಇದ್ದಿದ್ದರೆ ಹಾಸನದಿಂದ ಕಾರಿನಲ್ಲಿ ಒಂದು ಹಗಲಿನಲ್ಲಿ ತಲುಪಬಹುದಾಗಿತ್ತು.

ಅಲ್ಲಿ ಗುರುತ್ವಾಕರ್ಷಣೆ ಇಲ್ಲವೆಂದು ಪ್ರಯೋಗ ಮಾಡುತ್ತೀರಾ?

ಗುರುತ್ವಾಕರ್ಷಣೆ ಅಲ್ಲೂ ಇದೆ, ನೆಲದ ಮೇಲಿರುವುದರ ಸುಮಾರು ಶೇಕಡಾ 89ರಷ್ಟು. ಆದರೆ ನಿಲ್ದಾಣ, ಅದರೊಳಗಿನ ಮನುಷ್ಯರು, ನಮ್ಮ ಹೆಸರುಕಾಳು ಎಲ್ಲವೂ ಒಟ್ಟಿಗೆ ಭೂಮಿಯ ಸುತ್ತ ಬೀಳುತ್ತಲೇ ಇರುತ್ತವೆ. ಒಟ್ಟಿಗೆ ಬೀಳುವವರಿಗೆ ತೂಕ ತಿಳಿಯುವುದಿಲ್ಲ. ಇದಕ್ಕೆ ಸೂಕ್ಷ್ಮಗುರುತ್ವ ಎನ್ನುತ್ತಾರೆ. ತೂಕ ಹೋದರೆ ಅದರ ಜೊತೆ ಇನ್ನೂ ಹಲವು ಹೋಗುತ್ತವೆ: ಬಿಸಿಗಾಳಿ ಮೇಲೇರುವುದಿಲ್ಲ, ನೀರಿನ ಗುಳ್ಳೆ ಮೇಲಕ್ಕೆ ಬರುವುದಿಲ್ಲ, ಮಡ್ಡಿ ತಳಕ್ಕೆ ಕೂರುವುದಿಲ್ಲ. ಬೇರಿಗೆ ಕೆಳಗು ಯಾವುದೆಂದು ತಿಳಿಯುವುದಿಲ್ಲ. ನಮಗೆ ಬೇಕಾಗಿರುವುದು ಈ ಗೊಂದಲವೇ.

ಅದನ್ನು ಭೂಮಿಯ ಮೇಲೆ ಮಾಡಲು ಆಗುವುದಿಲ್ಲವೇ? ಇಷ್ಟು ಖರ್ಚು ಏಕೆ?

ಸ್ವಲ್ಪ ಹೊತ್ತು ಮಾಡಬಹುದು. ಎತ್ತರದ ಗೋಪುರದ ಒಳಗೆ ಪೆಟ್ಟಿಗೆಯನ್ನು ಕೆಳಗೆ ಬಿಟ್ಟರೆ ಅದು ಬೀಳುವಷ್ಟು ಹೊತ್ತು ತೂಕವಿರುವುದಿಲ್ಲ. ಮದ್ರಾಸ್ ಐಐಟಿಯಲ್ಲಿರುವ ಇಂಥ ಗೋಪುರದಲ್ಲಿ ಎರಡೂವರೆ ಸೆಕೆಂಡು ಸಿಗುತ್ತದೆ. ಜರ್ಮನಿಯ ಬ್ರೆಮೆನ್ನಿನ 146 ಮೀಟರ್ ಎತ್ತರದ ಗೋಪುರದಲ್ಲಿ ಪೆಟ್ಟಿಗೆಯನ್ನು ಕೆಳಗಿನಿಂದ ಮೇಲಕ್ಕೆ ಚಿಮ್ಮಿಸಿದರೆ ಒಂಬತ್ತು ಸೆಕೆಂಡಿನಷ್ಟು. ಕಮಾನಿನಂತೆ ಏರಿ ಇಳಿಯುವ ವಿಮಾನದಲ್ಲಿ ಒಂದು ಸಲಕ್ಕೆ ಇಪ್ಪತ್ತು ಸೆಕೆಂಡಿನ ಆಸುಪಾಸು. ಬೆಂಕಿ ಹೇಗೆ ಉರಿಯುತ್ತದೆ ಎಂದು ನೋಡಲು ಇದು ಸಾಕು, ಬೀಜ ಮೊಳೆಯಲು ಸಾಲದು.

ಸಸ್ಯಗಳಿಗೆ ಕ್ಲೈನೋಸ್ಟಾಟ್ ಎಂಬ ಯಂತ್ರವಿದೆ. ಅದು ಸಸಿಯನ್ನು ನಿಧಾನವಾಗಿ ಸುತ್ತಿಸುತ್ತಲೇ ಇರುತ್ತದೆ. ಯಾವ ದಿಕ್ಕೂ ಹೆಚ್ಚು ಹೊತ್ತು ಕೆಳಗಾಗಿ ಉಳಿಯದ ಕಾರಣ ಬೇರು ಗಲಿಬಿಲಿಗೊಳ್ಳುತ್ತದೆ. ಆದರೆ ಇದು ಬೇರಿಗೆ ಮಾಡುವ ಮೋಸ, ತೂಕವೇನೂ ಹೋಗಿರುವುದಿಲ್ಲ. ಮೇಲೆ ಕಳಿಸುವ ಮುಂಚೆ ನಾವು ಇದರಲ್ಲಿ ಹಲವು ಸಲ ನೋಡುತ್ತೇವೆ. ಇಲ್ಲಿ ಏನೂ ವ್ಯತ್ಯಾಸ ಕಾಣದ ಪ್ರಯೋಗವನ್ನು ಮೇಲೆ ಕಳಿಸಬೇಕೇ ಎಂಬ ಜಗಳ ಪ್ರತಿ ಸಲವೂ ಆಗುತ್ತದೆ. ಆಗಲೇಬೇಕಾದ ಜಗಳ ಅದು.

ಹೆಸರುಕಾಳು ಮೊಳಕೆ ಬರಿಸಲು ಇಷ್ಟೆಲ್ಲ ಬೇಕೇ? ನಾವು ಒದ್ದೆ ಬಟ್ಟೆಯಲ್ಲಿ ಕಟ್ಟಿಡುತ್ತೇವೆ, ಬರುತ್ತದೆ.

ಈ ಪ್ರಶ್ನೆ ಕೇಳಿದವರು ನಮ್ಮ ದೊಡ್ಡಮ್ಮ. 2025ರ ಆಕ್ಸಿಯಂ-4 ಯಾನದಲ್ಲಿ ನಿಲ್ದಾಣಕ್ಕೆ ಹೋದ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅವರ ಜೊತೆ ಹೋದ ಭಾರತದ ಪ್ರಯೋಗಗಳಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿಯವರ ಹೆಸರುಕಾಳು, ಮೆಂತ್ಯದ ಮೊಳಕೆಗಳೂ ಇದ್ದವು ಎಂದು ಪತ್ರಿಕೆಯಲ್ಲಿ ಓದಿ ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಆದ್ದರಿಂದ ಬೀಜಗಳ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಆಯುವುದು. ಒಂದೇ ತಳಿ, ಒಂದೇ ಕೊಯ್ಲು, ಹೆಚ್ಚುಕಡಿಮೆ ಒಂದೇ ತೂಕ. ಸಿಪ್ಪೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೂ ಪಕ್ಕಕ್ಕೆ. ಹಾಸನದ ಎಪಿಎಂಸಿಯಲ್ಲಿ ಬಿತ್ತನೆ ಆಲೂಗೆಡ್ಡೆ ಕೊಳ್ಳುವ ರೈತರು ಒಂದೊಂದು ಗೆಡ್ಡೆಯನ್ನೂ ತಿರುಗಿಸಿ ಕಣ್ಣು ನೋಡುತ್ತಾರಲ್ಲ, ಹಾಗೆ. ಅವರ ಬಳಿ ಭೂತಗನ್ನಡಿ ಇಲ್ಲ, ನಮ್ಮ ಬಳಿ ಇದೆ, ಅಷ್ಟೇ ವ್ಯತ್ಯಾಸ.

ಆಮೇಲೆ ಬೀಜದ ಮೇಲ್ಮೈಯಲ್ಲಿರುವ ಸೂಕ್ಷ್ಮಜೀವಿಗಳನ್ನು ತೆಗೆಯಬೇಕು. ಮನೆಯಲ್ಲಿ ಮೊಳಕೆಗೆ ಬೂಷ್ಟು ಬಂದರೆ ಚೆಲ್ಲುತ್ತೇವೆ. ಗಾಳಿ ಹೊರಗೆ ಹೋಗದ ನಿಲ್ದಾಣದಲ್ಲಿ ಬೂಷ್ಟು ಆರು ಏಳು ಜನರ ಉಸಿರಿನ ಪ್ರಶ್ನೆ. 2015ರ ಕೊನೆಯಲ್ಲಿ ನಿಲ್ದಾಣದಲ್ಲಿ ಬೆಳೆಸಿದ ಜಿನ್ನಿಯಾ ಗಿಡಗಳಿಗೆ ನೀರು ಹೆಚ್ಚಾಗಿ ಎಲೆಗಳ ಮೇಲೆ ಶಿಲೀಂಧ್ರ ಬಂದಿತ್ತು. ಗಗನಯಾತ್ರಿ ಸ್ಕಾಟ್ ಕೆಲ್ಲಿ ಫ್ಯಾನಿನ ಗಾಳಿ ಹೆಚ್ಚಿಸಿ, ಕೆಟ್ಟ ಎಲೆ ತೆಗೆದು, ಉಳಿದ ಗಿಡಗಳನ್ನು ಕಾಪಾಡಿದರು. 2016ರ ಜನವರಿಯಲ್ಲಿ ಅವು ಹೂ ಬಿಟ್ಟವು. ಸಸ್ಯ ಪ್ರಯೋಗ ಮಾಡುವವರೆಲ್ಲ ಈ ಕಥೆಯನ್ನು ನೆನಪಿಟ್ಟುಕೊಂಡು ನೀರಿನ ಲೆಕ್ಕ ಹಾಕುತ್ತಾರೆ.

ಮೂರನೆಯದು ಅಂಟಿಸುವುದು. ಮೇಲೆ ಬೀಜ ಇಟ್ಟ ಜಾಗದಲ್ಲಿ ಇರುವುದಿಲ್ಲ. ಆದ್ದರಿಂದ ನೀರು ಹೀರುವ ಕಾಗದ ಅಥವಾ ಬತ್ತಿಯ ಮೇಲೆ ಅಂಟಿಸುತ್ತೇವೆ. ಅಂಟು ಬೀಜಕ್ಕೆ ವಿಷವಾಗಬಾರದು, ನೀರು ಬಿದ್ದೊಡನೆ ಬೀಜವನ್ನು ಬಿಟ್ಟುಕೊಡಬೇಕು, ಅಲ್ಲಿಯವರೆಗೆ ರಾಕೆಟ್ಟಿನ ಅದುರಾಟಕ್ಕೆ ಜಗ್ಗಬಾರದು. ಈ ಮೂರೂ ಗುಣ ಇರುವುದು ಗೋರಿಕಾಯಿ ಬೀಜದ ಅಂಟಿಗೆ. ನಾಸಾದವರ ಗಿಡಗಳಿಗೂ ಇದನ್ನೇ ಬಳಸಿದ್ದಾರೆ. ನಮ್ಮ ಹಿತ್ತಿಲ ಗೋರಿಕಾಯಿಗೆ ಈ ಯೋಗವಿದೆ ಎಂದರೆ ದೊಡ್ಡಮ್ಮ ಇವತ್ತಿಗೂ ನಂಬುವುದಿಲ್ಲ.

ಅಂಟಿಸುವಾಗ ಬೀಜದ ಮುಖವನ್ನೂ ನೋಡಬೇಕು. ಹೆಸರುಕಾಳಿನ ಬದಿಯಲ್ಲಿ ಒಂದು ಬಿಳಿ ಗೆರೆ ಇರುತ್ತದೆ. ಬೇರು ಹೊರಡುವುದು ಅದರ ಒಂದು ತುದಿಯ ಬಳಿ. ಆ ತುದಿಯನ್ನು ನೀರಿನ ಕಡೆಗೆ ತಿರುಗಿಸಿ ಚಿಮಟಿಗೆಯಿಂದ ಕೂರಿಸುತ್ತೇವೆ. ಊರಿನಲ್ಲಿ ಬೀಜ ಹೇಗೆ ಬಿದ್ದರೂ ಬೇರು ತಿರುಗಿ ಮಣ್ಣಿಗೆ ಇಳಿಯುತ್ತದೆ, ಮೇಲೆ ಅದು ಹೊರಟ ದಿಕ್ಕಿಗೇ ಹೋಗಿಬಿಡಬಹುದು. ಬೆಳಿಗ್ಗೆ ಕೂತವರು ಮಧ್ಯಾಹ್ನ ಏಳುವಾಗ ಕುತ್ತಿಗೆ ಹಿಡಿದಿರುತ್ತದೆ.

ಕೊನೆಯದು ನೀರು. ಬಟ್ಟೆಯಲ್ಲಿ ಕಟ್ಟಿದ ಕಾಳಿನ ನೀರು ಸೋರಿ ಹೋಗುತ್ತದೆ, ಕಾಳಿಗೆ ಗಾಳಿ ಸಿಗುತ್ತದೆ. ಮೇಲೆ ನೀರು ಸೋರುವುದಿಲ್ಲ. ಬೀಜದ ಸುತ್ತ ದಪ್ಪ ಪದರವಾಗಿ ಅಂಟಿಕೊಂಡು ಕೂರುತ್ತದೆ, ಬೀಜ ಅದರೊಳಗೆ ಉಸಿರುಗಟ್ಟುತ್ತದೆ. ಎಷ್ಟು ಮಿಲಿಲೀಟರ್ ಕೊಡಬೇಕು ಎಂಬ ಒಂದೇ ಅಂಕಿಗಾಗಿ ಎಷ್ಟೋ ಬೀಜಗಳು ನಮ್ಮ ಮೇಜಿನ ಮೇಲೆ ಕೊಳೆತಿವೆ.

ಸುರಕ್ಷತಾ ಪರಿಶೀಲನೆ ಎಂದರೆ ಏನು ಕೇಳುತ್ತಾರೆ?

ಎಲ್ಲವನ್ನೂ. ಮಾನವರಿರುವ ನೌಕೆಗೆ ಹೋಗುವ ಪ್ರಯೋಗ ಹಂತ ಹಂತವಾಗಿ ಪರಿಶೀಲನಾ ಸಮಿತಿಗಳ ಮುಂದೆ ನಿಲ್ಲಬೇಕು. ವಿನ್ಯಾಸ ಕಾಗದದ ಮೇಲಿರುವಾಗ ಒಮ್ಮೆ, ಡಬ್ಬಿ ತಯಾರಾದ ಮೇಲೆ ಇನ್ನೊಮ್ಮೆ, ಹೊರಡುವ ಮುಂಚೆ ಮತ್ತೊಮ್ಮೆ. ಅವರಿಗೆ ನಮ್ಮ ವಿಜ್ಞಾನದಲ್ಲಿ ಆಸಕ್ತಿ ಇಲ್ಲ. ಇದು ಯಾರನ್ನಾದರೂ ಗಾಯಗೊಳಿಸುತ್ತದೆಯೇ ಎಂಬುದೊಂದೇ ಅವರ ಕಾಳಜಿ.

ಗಾಜು ಇದೆಯೇ? ಒಡೆದರೆ ಚೂರು ನೆಲಕ್ಕೆ ಬೀಳುವುದಿಲ್ಲ, ಕಣ್ಣಿನ ಎತ್ತರದಲ್ಲಿ ತೇಲುತ್ತದೆ. ಅಂಚು ಚೂಪಾಗಿದೆಯೇ? ಬ್ಯಾಟರಿ ಯಾವುದು, ಬಿಸಿಯಾದರೆ ಏನಾಗುತ್ತದೆ? ಪ್ಲಾಸ್ಟಿಕ್ ಉರಿಯುತ್ತದೆಯೇ? ಜೀವಕೋಶಗಳನ್ನು ಇದ್ದ ಸ್ಥಿತಿಯಲ್ಲಿ ನಿಲ್ಲಿಸಲು ಫಾರ್ಮಲಿನ್‌ನಂಥ ರಾಸಾಯನಿಕ ಬೇಕು ಎಂದರೆ ಪದರದ ಮೇಲೆ ಪದರ ಕೇಳುತ್ತಾರೆ. ಅಪಾಯ ಹೆಚ್ಚಿದ್ದರೆ ಮೂರು ಪದರಗಳು. ಒಂದು ಸೋರಿದರೆ ಇನ್ನೊಂದು, ಅದೂ ಸೋರಿದರೆ ಮತ್ತೊಂದು. ವಾಸನೆಯನ್ನೂ ಬಿಡುವುದಿಲ್ಲ. ನಾಸಾಗೆ ನ್ಯೂ ಮೆಕ್ಸಿಕೋದ ವೈಟ್ ಸ್ಯಾಂಡ್ಸ್‌ನಲ್ಲಿ ನೌಕೆಗೆ ಹೋಗುವ ವಸ್ತುಗಳನ್ನು ಮೂಸಿ ನೋಡುವ ಮನುಷ್ಯರ ತಂಡವೇ ಇದೆ. ಕಿಟಕಿ ತೆರೆಯಲು ಆಗದ ಮನೆಯಲ್ಲಿ ತಿಂಗಳುಗಟ್ಟಲೆ ಇರುವವರಿಗೆ ಇದು ತಮಾಷೆಯಲ್ಲ.

ಇದರ ಜೊತೆಗೆ ಕಂಪನ ಪರೀಕ್ಷೆ, ಶಾಖದ ಪರೀಕ್ಷೆ, ವಿದ್ಯುತ್ ಉಪಕರಣವಾದರೆ ಅದು ಬೇರೆ ಉಪಕರಣಗಳಿಗೆ ತೊಂದರೆ ಕೊಡುವುದಿಲ್ಲ ಎಂಬ ಪರೀಕ್ಷೆ. ಡಬ್ಬಿಯ ತೂಕಕ್ಕಿಂತ ಅದರ ಕಡತದ ತೂಕ ಹೆಚ್ಚು ಎಂದು ನಾವು ಹೇಳಿಕೊಳ್ಳುವುದು ಉತ್ಪ್ರೇಕ್ಷೆ ಅಲ್ಲ.

ಗಗನಯಾತ್ರಿಗೆ ನಿಮ್ಮ ಪ್ರಯೋಗ ಅರ್ಥವಾಗದಿದ್ದರೆ?

ಅವರಿಗೆ ಅರ್ಥವಾಗಬೇಕಾಗಿಲ್ಲ, ಕೈಗೆ ಸುಲಭವಾಗಬೇಕು. ಅವರ ದಿನವನ್ನು ನಿಮಿಷಗಳಲ್ಲಿ ಹಂಚಿರುತ್ತಾರೆ, ನಮ್ಮ ಪಾಲು ಅದರಲ್ಲಿ ಸಣ್ಣದು. ಆದ್ದರಿಂದ ಯಾವುದನ್ನು ಹೇಗೆ ಮಾಡಬೇಕೆಂದು ಸಾಲು ಸಾಲಾಗಿ ಹೇಳುವ ಕಾರ್ಯಸೂಚಿ ಬರೆಯುವುದೇ ಒಂದು ಕಲೆ.

‘ಮುಚ್ಚಳ ತೆಗೆಯಿರಿ’ ಎಂದು ಬರೆದು ಸುಮ್ಮನಾದರೆ ಆಗದು. ತೆಗೆದ ಮುಚ್ಚಳ ಎಲ್ಲಿಗೆ ಹೋಗಬೇಕು? ನಾವು ಮೇಜಿನ ಮೇಲೆ ಇಡುತ್ತೇವೆ, ಅವರಿಗೆ ಮೇಲೆ ಎಂಬುದೇ ಇಲ್ಲ. ಮುಚ್ಚಳಕ್ಕೆ ದಾರ ಕಟ್ಟಬೇಕು ಅಥವಾ ವೆಲ್ಕ್ರೋ ಪಟ್ಟಿ ಹಚ್ಚಬೇಕು. ಸಿರಿಂಜಿನಲ್ಲಿ ಒಂದು ಗುಳ್ಳೆ ಉಳಿದರೆ ಅದು ದ್ರವದ ನಟ್ಟನಡುವೆ ಕೂತುಬಿಡುತ್ತದೆ, ತಟ್ಟಿದರೆ ಮೇಲೇರುವುದಿಲ್ಲ. ಹಾಗಾಗಿ ಗುಳ್ಳೆಗಳನ್ನೆಲ್ಲ ಇಲ್ಲೇ ತೆಗೆದು ಕಳಿಸುತ್ತೇವೆ. ಸಿರಿಂಜನ್ನು ಬೆಳಕಿಗೆ ಹಿಡಿದು, ತಟ್ಟಿ, ನಿಲ್ಲಿಸಿ, ಮತ್ತೆ ತಟ್ಟಿ. ಇಬ್ಬರು ನೋಡಿ ಸಹಿ ಹಾಕಬೇಕು.

ಬರೆದ ಕಾರ್ಯಸೂಚಿಯನ್ನು ಪ್ರಯೋಗದ ಗಂಧಗಾಳಿ ಇಲ್ಲದವರ ಕೈಗೆ ಕೊಟ್ಟು ಮಾಡಿಸುವುದು ನಮ್ಮ ತಂಡದ ಪದ್ಧತಿ. ಸಾಮಾನ್ಯವಾಗಿ ಲೆಕ್ಕಪತ್ರ ವಿಭಾಗದವರು ಸಿಕ್ಕಿಬೀಳುತ್ತಾರೆ. ಕೈಗವಸು ಹಾಕಿಸಿ, ಎದುರಿಗೆ ಕೂತು, ಬಾಯಿ ಬಿಡದೆ ನೋಡುತ್ತೇವೆ. ಅವರು ಎಲ್ಲಿ ತಡೆದು ನಮ್ಮ ಮುಖ ನೋಡುತ್ತಾರೋ ಆ ಸಾಲನ್ನು ಹೊಸದಾಗಿ ಬರೆಯುತ್ತೇವೆ.

ರಾಹುಕಾಲ ನೋಡುತ್ತೀರಾ?

ನೋಡುವವರು ನೋಡಿಕೊಳ್ಳಲಿ, ಉಡಾವಣೆ ಕಾಯುವುದಿಲ್ಲ. ನಿಲ್ದಾಣದ ಕಕ್ಷೆ ಉಡಾವಣಾ ಕೇಂದ್ರದ ಮೇಲೆ ಹಾದುಹೋಗುವ ಕ್ಷಣಕ್ಕೆ ಸರಿಯಾಗಿ ಹೊರಡಬೇಕು. ತಪ್ಪಿದರೆ ಇನ್ನೊಂದು ದಿನ. ಆ ಕ್ಷಣ ದಿನದಿಂದ ದಿನಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷ ಮುಂಚೆ ಬರುತ್ತ ಹೋಗುತ್ತದೆ.

ಉಡಾವಣೆ ಮುಂದಕ್ಕೆ ಹೋದರೆ ನಿಮ್ಮ ಜೀವಿಗಳ ಗತಿ ಏನು?

ನಮ್ಮ ನಿದ್ದೆ ಕೆಡುವುದು ಇಲ್ಲಿ. ಆಕ್ಸಿಯಂ-4 ಹೊರಡಬೇಕಿದ್ದದ್ದು 2025ರ ಮೇ 29ಕ್ಕೆ, ಹೊರಟದ್ದು ಜೂನ್ 25ಕ್ಕೆ. ಹವಾಮಾನ ಕೆಟ್ಟಿತು, ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರಿತು, ನಿಲ್ದಾಣದ ರಷ್ಯಾ ಭಾಗದ ಸೋರಿಕೆಯ ದುರಸ್ತಿಯನ್ನು ಪರಿಶೀಲಿಸಬೇಕಾಯಿತು. ಹೊರಗಿನವರಿಗೆ ಅದು ಸುದ್ದಿ. ಜೀವಂತ ಮಾದರಿ ಇಟ್ಟುಕೊಂಡವರಿಗೆ ಪ್ರತಿ ಮುಂದೂಡಿಕೆಯೂ ಹೊಸ ಲೆಕ್ಕ.

ಒಣ ಬೀಜಕ್ಕೆ ಚಿಂತೆ ಕಡಿಮೆ. ಅದೇ ಯಾನದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಕಳಿಸಿದ ನೀರುಕರಡಿಗಳು ಎಂಬ ಅತಿಸೂಕ್ಷ್ಮ ಪ್ರಾಣಿಗಳು ಒಣಗಿ ಮುದುಡಿಕೊಂಡು ಕಾಯುವುದರಲ್ಲಿ ನಿಸ್ಸೀಮರು. ಜೀವಕೋಶಗಳು ಹಾಗಲ್ಲ. ಅವು ಆಹಾರ ಮುಗಿಸುತ್ತವೆ, ಒಂದರ ಮೇಲೊಂದು ತುಂಬಿಕೊಳ್ಳುತ್ತವೆ. ಆದ್ದರಿಂದ ಇಂಥ ಮಾದರಿಗಳನ್ನು ನೌಕೆಗೆ ಏರಿಸುವುದು ಕೊನೆಯ ಗಳಿಗೆಯಲ್ಲಿ, ಸಾಧಾರಣವಾಗಿ ಹೊರಡುವ ಹಿಂದಿನ ದಿನ. ಅಮೆರಿಕದ ಕೆನಡಿ ಬಾಹ್ಯಾಕಾಶ ಕೇಂದ್ರದ ಆವರಣದಲ್ಲೇ ಇದಕ್ಕಾಗಿ ಪ್ರಯೋಗಾಲಯಗಳಿವೆ. ಇಂದು ಹೋಗುವ ಮಾದರಿಯ ಜೊತೆ ನಾಳೆ, ನಾಡಿದ್ದು ಹೋಗಬಹುದಾದ ಮಾದರಿಗಳನ್ನೂ ಬೆಳೆಸುತ್ತಿರಬೇಕು. ಮುಂದೂಡಿದ ಸುದ್ದಿ ಬಂದೊಡನೆ ಒಂದು ಕಂತಿನ ಮಾದರಿಗಳನ್ನು ಎಸೆದು ಇನ್ನೊಂದು ಕಂತಿನವನ್ನು ತೆಗೆದುಕೊಳ್ಳುತ್ತೇವೆ. ಉಡಾವಣೆಯ ಫೋಟೋಗಳಲ್ಲಿ ನಮ್ಮ ತಂಡ ಕಾಣುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಎಲ್ಲರೂ ಎಲ್ಲೋ ಒರಗಿ ನಿದ್ದೆ ಮಾಡುತ್ತಿರುತ್ತಾರೆ.

ಡಬ್ಬಿ ಹೋದ ಮೇಲೆ ನಿಮಗೆ ರಜೆಯೇ?

ಇಲ್ಲ. ಮೇಲೆ ಹೋದ ಡಬ್ಬಿಯ ಅವಳಿಯೊಂದು ಕೆಳಗೆ ಇರುತ್ತದೆ. ಅದೇ ಅಚ್ಚಿನದು, ಅದೇ ಕೊಯ್ಲಿನ ಬೀಜ, ಅದೇ ಅಂಟು, ಅದೇ ನೀರು. ಮೇಲಿನ ಡಬ್ಬಿಯ ಜಾಗದ ಉಷ್ಣಾಂಶ ನಮಗೆ ಬರುತ್ತದೆ. ಅದನ್ನು ಒಂದೆರಡು ದಿನ ತಡವಾಗಿ ಕೆಳಗಿನ ಡಬ್ಬಿಗೂ ಕೊಡುತ್ತೇವೆ. ಅಲ್ಲಿ ರಾತ್ರಿ ಎರಡು ಡಿಗ್ರಿ ಏರಿತ್ತೆಂದರೆ ಇಲ್ಲೂ ಏರಿಸಬೇಕು. ಗಗನಯಾತ್ರಿ ನೀರು ಹಾಕುವುದು ಅರ್ಧ ಗಂಟೆ ತಡವಾಯಿತೆಂದರೆ ನಾವೂ ಗಡಿಯಾರ ನೋಡುತ್ತ ಅರ್ಧ ಗಂಟೆ ಕೈಕಟ್ಟಿ ಕೂರಬೇಕು.

ಅವಳಿ ಇಲ್ಲದಿದ್ದರೆ ಪ್ರಯೋಗವೇ ಇಲ್ಲ. ಮೇಲೆ ಮೊಳಕೆ ಗಿಡ್ಡವಾಯಿತು ಎನ್ನಿ. ಸೂಕ್ಷ್ಮಗುರುತ್ವದಿಂದ ಗಿಡ್ಡವಾಯಿತೋ, ಡಬ್ಬಿಯೊಳಗಿನ ಇಕ್ಕಟ್ಟಿನಿಂದಲೋ, ಸೆಕೆಯಿಂದಲೋ? ಹೇಳಬಲ್ಲದ್ದು ಕೆಳಗಿನ ಡಬ್ಬಿ ಮಾತ್ರ. ಪತ್ರಿಕೆಗಳಲ್ಲಿ ಮೇಲಿನದರ ಚಿತ್ರ ಬರುತ್ತದೆ, ಫಲಿತಾಂಶದಲ್ಲಿ ಅರ್ಧ ಪಾಲು ಕೆಳಗಿನದರದು. ನನ್ನನ್ನು ಕೇಳಿದರೆ ಅರ್ಧಕ್ಕಿಂತ ಹೆಚ್ಚು.

ರಾಕೆಟ್ ಸಿಡಿದರೆ?

ಎಲ್ಲ ಹೋಗುತ್ತದೆ. 2014ರ ಅಕ್ಟೋಬರ್ 28ರಂದು ನಿಲ್ದಾಣಕ್ಕೆ ಸರಕು ಒಯ್ಯುತ್ತಿದ್ದ ಆಂಟಾರೆಸ್ ರಾಕೆಟ್ ನೆಲ ಬಿಟ್ಟ ಕೆಲವೇ ಸೆಕೆಂಡುಗಳಲ್ಲಿ ಸ್ಫೋಟಿಸಿತು. ಅದರಲ್ಲಿ ಶಾಲಾ ಮಕ್ಕಳ ಪ್ರಯೋಗಗಳೂ ಇದ್ದವು. ಆ ಮಕ್ಕಳಲ್ಲಿ ಹೆಚ್ಚಿನವರು ಮತ್ತೆ ತಯಾರಿಸಿ 2015ರ ಜನವರಿಯಲ್ಲಿ ಇನ್ನೊಂದು ರಾಕೆಟ್ಟಿನಲ್ಲಿ ಕಳಿಸಿದರು. ಅದೇ ವರ್ಷ ಜೂನ್ 28ರಂದು ಮತ್ತೊಂದು ಸರಕು ನೌಕೆ ನಾಶವಾಯಿತು. ಎರಡನೆಯ ಪ್ರತಿಗೆ ಬೇಕಾದಷ್ಟು ಬೀಜ, ಬಿಡಿಭಾಗ, ಕಾಗದಪತ್ರ ಎತ್ತಿಡುವುದು ಇದಕ್ಕಾಗಿಯೇ.

2003ರ ಫೆಬ್ರವರಿ 1ರಂದು ಕಲ್ಪನಾ ಚಾವ್ಲಾ ಅವರೂ ಇದ್ದ ಕೊಲಂಬಿಯಾ ನೌಕೆ ಮರಳುವಾಗ ಛಿದ್ರವಾಯಿತು. ಏಳು ಮಂದಿಯೂ ಹೋದರು. ಟೆಕ್ಸಾಸ್‌ನಲ್ಲಿ ಚದುರಿ ಬಿದ್ದ ಅವಶೇಷಗಳಲ್ಲಿ ಪ್ರಯೋಗದ ಡಬ್ಬಿಗಳು ಸಿಕ್ಕವು. ವಾರಗಳ ಬಳಿಕ ತೆರೆದಾಗ ಒಂದು ಮಿಲಿಮೀಟರ್ ಉದ್ದದ ದುಂಡುಹುಳುಗಳು ಜೀವಂತವಾಗಿದ್ದವು. ಈ ಪ್ರಶ್ನೆಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಾಗುವುದಿಲ್ಲ.

ಎಲ್ಲದಕ್ಕೂ ಅಮೆರಿಕದ ರಾಕೆಟ್ಟೇ ಬೇಕೇ?

ಬೇಡ. ಇಸ್ರೋ 2007ರ ಜನವರಿಯಲ್ಲೇ ಒಂದು ಕೋಶವನ್ನು ಕಕ್ಷೆಗೆ ಕಳಿಸಿ, ಹನ್ನೆರಡು ದಿನ ಅದರಲ್ಲಿ ಸೂಕ್ಷ್ಮಗುರುತ್ವದ ಪ್ರಯೋಗ ಮಾಡಿ, ಬಂಗಾಳ ಕೊಲ್ಲಿಯಿಂದ ಎತ್ತಿಕೊಂಡಿತು. ಈಗ ಪಿಎಸ್‌ಎಲ್‌ವಿಯ ನಾಲ್ಕನೆಯ ಹಂತವನ್ನೇ, ಉಪಗ್ರಹ ಬಿಟ್ಟ ಮೇಲೆ, ಪ್ರಯೋಗ ವೇದಿಕೆಯಾಗಿ ಬಳಸುತ್ತಾರೆ. ಅದಕ್ಕೆ ಪೋಯೆಮ್ ಎಂದು ಹೆಸರು. 2024ರ ಡಿಸೆಂಬರ್ 30ರಂದು ಹೋದ ಪಿಎಸ್‌ಎಲ್‌ವಿ-ಸಿ60ರ ವೇದಿಕೆಯಲ್ಲಿ 24 ಉಪಕರಣಗಳಿದ್ದವು. ತಿರುವನಂತಪುರದ ವಿಕ್ರಮ್ ಸಾರಾಭಾಯಿ ಕೇಂದ್ರದವರು ಅದರಲ್ಲಿ ಎಂಟು ಅಲಸಂದೆ ಬೀಜಗಳನ್ನು ಇಟ್ಟಿದ್ದರು. ನಾಲ್ಕು ದಿನದಲ್ಲಿ ಮೊಳೆತವು, ಆಮೇಲೆ ಎಲೆಯೂ ಬಂತು. ಅಲ್ಲಿ ಗಗನಯಾತ್ರಿ ಇಲ್ಲ. ನೀರು ಬಿಡುವ ಕವಾಟ, ಕ್ಯಾಮೆರಾ, ಗಾಳಿಯ ಅಳತೆ ಎಲ್ಲವೂ ತಾವಾಗಿಯೇ ನಡೆಯಬೇಕು. ನನಗೆ ವೈಯಕ್ತಿಕವಾಗಿ ಇದೇ ಹೆಚ್ಚು ಗೌರವ ಹುಟ್ಟಿಸುವ ಕೆಲಸ.

ನಮ್ಮ ಆಲೂಗೆಡ್ಡೆ, ಕಾಫಿ ಹೋಗಿವೆಯೇ?

ಆಲೂಗೆಡ್ಡೆ ಹೋಗಿದೆ, ನಮ್ಮ ಊರಿನದಲ್ಲ. 1995ರ ಅಕ್ಟೋಬರ್‌ನಲ್ಲಿ ಕೊಲಂಬಿಯಾ ನೌಕೆಯಲ್ಲಿ ಆಲೂಗೆಡ್ಡೆ ಗಿಡದ ಎಲೆಯ ತುಂಡುಗಳಿಂದ ಪುಟ್ಟ ಗೆಡ್ಡೆಗಳನ್ನು ಬೆಳೆಸಿದರು. ಕಾಫಿಯನ್ನು ಕುಡಿಯುತ್ತಾರೆ: 2015ರಲ್ಲಿ ಇಟಲಿಯವರು ಕಳಿಸಿದ ಯಂತ್ರದಲ್ಲಿ ಎಸ್ಪ್ರೆಸೊ ಮಾಡಿದ್ದೂ ಉಂಟು. ಫಿಲ್ಟರ್ ಕಾಫಿ ಸಾಧ್ಯವಿಲ್ಲ. ಡಿಕಾಕ್ಷನ್ ತೊಟ್ಟಿಕ್ಕುವುದೇ ಇಲ್ಲ. ಚಿಕ್ಕಮಗಳೂರಿನ ಸ್ನೇಹಿತರು ಇದನ್ನು ಬಾಹ್ಯಾಕಾಶದ ದೊಡ್ಡ ಕೊರತೆಯೆಂದು ಪರಿಗಣಿಸುತ್ತಾರೆ.

ಮಗಳಿಗೆ ಈ ಕೆಲಸ ಇಷ್ಟ. ಏನು ಓದಿಸಬೇಕು?

‘ಬಾಹ್ಯಾಕಾಶ’ ಎಂಬ ಹೆಸರಿರುವ ಕೋರ್ಸನ್ನೇ ಹುಡುಕಬೇಡಿ. ನಮ್ಮ ತಂಡದಲ್ಲಿ ಬೀಜ ವಿಜ್ಞಾನ ಓದಿದವರು, ಸೂಕ್ಷ್ಮಜೀವಿಶಾಸ್ತ್ರದವರು, ಮೆಕ್ಯಾನಿಕಲ್ ಎಂಜಿನಿಯರುಗಳು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವರು ಇದ್ದಾರೆ. ಕಾರೇಕೆರೆಯ ಕೃಷಿ ಕಾಲೇಜಿನಿಂದಲೂ ಬರಬಹುದು, ಮಲೆನಾಡು ಎಂಜಿನಿಯರಿಂಗ್ ಕಾಲೇಜಿನಿಂದಲೂ ಬರಬಹುದು. ಸಂದರ್ಶನದಲ್ಲಿ ನಾನು ನೋಡುವುದು ಅಭ್ಯರ್ಥಿಯ ಪ್ರಯೋಗದ ನೋಟ್‌ಬುಕ್ಕನ್ನು. ಆದದ್ದನ್ನು ಆದಂತೆಯೇ, ಆದ ದಿನವೇ ಬರೆದಿದ್ದಾರೆಯೇ ಎಂದು.

ಮನೆಯಲ್ಲಿ ಮಕ್ಕಳು ಮಾಡಿ ನೋಡಬಹುದಾದದ್ದು ಏನಾದರೂ ಇದೆಯೇ?

ಇದೆ. ಎರಡು ಪಾರದರ್ಶಕ ಡಬ್ಬಿ ತೆಗೆದುಕೊಳ್ಳಿ. ಒಳಗೋಡೆಗೆ ಒದ್ದೆ ಟಿಶ್ಯೂ ಕಾಗದ ಅಂಟಿಸಿ, ಗೋಡೆಗೂ ಕಾಗದಕ್ಕೂ ನಡುವೆ ನಾಲ್ಕಾರು ಹೆಸರುಕಾಳು ಸಿಕ್ಕಿಸಿ. ಎರಡನ್ನೂ ಕತ್ತಲಲ್ಲಿ ಒಂದೇ ಕಡೆ ಇಡಿ. ಬೇರು ಒಂದು ಸೆಂಟಿಮೀಟರ್ ಆದ ಮೇಲೆ ಒಂದು ಡಬ್ಬಿಯನ್ನು ಅಡ್ಡ ಮಲಗಿಸಿ, ಇನ್ನೊಂದನ್ನು ಮುಟ್ಟಬೇಡಿ. ಕೆಲವು ಗಂಟೆಗಳಲ್ಲಿ ಅಡ್ಡ ಮಲಗಿದ ಡಬ್ಬಿಯ ಬೇರಿನ ತುದಿ ಕೆಳಕ್ಕೆ ಬಾಗಲು ಶುರುವಾಗುತ್ತದೆ. ಪ್ರತಿ ಗಂಟೆಗೊಮ್ಮೆ ಎರಡರ ಫೋಟೋವನ್ನೂ ತೆಗೆಯಿರಿ. ಡಬ್ಬಿಗಳ ಮೇಲೆ ಹೆಸರು, ದಿನಾಂಕ, ನೀರು ಹಾಕಿದ ಸಮಯ ಬರೆಯಿರಿ. ಮುಚ್ಚಳದ ಮೇಲೆ ಬೇಡ, ಡಬ್ಬಿಯ ಮೇಲೆಯೇ ಬರೆಯಿರಿ. ಮುಚ್ಚಳಗಳು ಅದಲುಬದಲಾಗುತ್ತವೆ.